ಅಗೆಯದೆ ಹುಡುಕುವ ನಿಧಿ

ತಾರಮಂಗಲಕ್ಕೆ ಬಹಳ ದೂರವಲ್ಲದ ಸಂಕಗಿರಿ ದುರ್ಗವನ್ನು ನೀವು ಬಲ್ಲಿರಿ. ಟಿಪ್ಪುವಿನ ಕಾಲದಲ್ಲೂ ಬಳಿಕ ಕಂಪನಿಯ ಕಾಲದಲ್ಲೂ ಅಲ್ಲಿ ದಂಡು ಇತ್ತು. 1792ರ ಶ್ರೀರಂಗಪಟ್ಟಣ ಒಪ್ಪಂದದಿಂದ ಈ ಸೀಮೆ ಕಂಪನಿಯ ಪಾಲಾಯಿತು. 1805ರಲ್ಲಿ ಧೀರನ್ ಚಿನ್ನಮಲೈಯನ್ನು ಗಲ್ಲಿಗೇರಿಸಿದ್ದು ಈ ಕೋಟೆಯಲ್ಲೇ.

ಇಂಥ ಕಡೆ ಆಡುವ ಆಟವೊಂದುಂಟು, ಜಿಯೋಕ್ಯಾಶಿಂಗ್. 2000ದ ಮೇ ತಿಂಗಳಲ್ಲಿ ಅಮೆರಿಕವು ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಸುಕು ಮಾಡುವುದನ್ನು ನಿಲ್ಲಿಸಿತು. ಒಂದೆರಡು ದಿನದಲ್ಲೇ ಆರೆಗಾನ್‌ನಲ್ಲಿ ಒಬ್ಬರು ಡಬ್ಬಿಯೊಂದನ್ನು ಬಚ್ಚಿಟ್ಟು ಅದರ ಅಕ್ಷಾಂಶ, ರೇಖಾಂಶಗಳನ್ನು ಸಾರಿದರು. ಒಗಟಿನ ಬಗೆಯಲ್ಲಿ ಅಂಕಿಗಳನ್ನು ನೇರವಾಗಿ ಹೇಳುವುದಿಲ್ಲ. ಮೇಲಿನ ಎರಡು ವರ್ಷಗಳನ್ನೇ ಕಳೆಯಿರಿ, 13 ಬಂತು. ಅದನ್ನು ಖಾಲಿ ಬಿಟ್ಟ ಮನೆಗೆ ತುಂಬಬೇಕು. ಅಕ್ಷಾಂಶದಲ್ಲಿ ಒಂದು ಮಿನಿಟು ತಪ್ಪಿದರೆ ಸುಮಾರು 1.8 ಕಿಲೋಮೀಟರು ಆಚೆ, ಯಾರದೋ ಜೋಳದ ಹೊಲದಲ್ಲಿ ನಿಂತಿರುತ್ತೀರಿ!

ಆದರೆ ಸಂಕಗಿರಿ ಸಂರಕ್ಷಿತ ಸ್ಮಾರಕ. ಡಬ್ಬಿ ಹೂಳುವಂತಿಲ್ಲ, ಕಲ್ಲು ಕೀಳುವಂತಿಲ್ಲ. ಕಂಡದ್ದನ್ನು ಓದಿ ಉತ್ತರ ಹೇಳುವ, ಡಬ್ಬಿಯಿಲ್ಲದ ಆಟವೇ ಇಲ್ಲಿಗೆ ತಕ್ಕದ್ದು. ನಿಧಿಯಾಸೆಗೆ ಹಾರೆ ಹಿಡಿಯುವವರು ಎಲ್ಲೆಲ್ಲೂ ಇದ್ದಾರೆ. ಮಡಕೆಯ ಚೂರೊಂದು ಯಾವ ಮಣ್ಣಿನ ಪದರದಲ್ಲಿತ್ತು ಎಂಬುದೇ ಅದರ ಕಾಲಕ್ಕೆ ಸಾಕ್ಷಿ. ಕಿತ್ತು ತೆಗೆದರೆ ಅದು ಬರೀ ಬೋಕಿ, ಬೀದಿಯ ತಮಿಳಿನಲ್ಲಿ ಹೇಳಿದರೂ ಬರೀ ಓಡು. ನೇಗಿಲಿಗೆ ಆಕಸ್ಮಿಕವಾಗಿ ಹತ್ತು ರೂಪಾಯಿಗೂ ಮಿಕ್ಕ ನಿಧಿ ಸಿಕ್ಕಿದರೆ, 1878ರ ಕಾಯಿದೆಯಂತೆ ಕಲೆಕ್ಟರಿಗೆ ಬರೆದು ತಿಳಿಸಬೇಕು.