ಕಲಿಯುವ ಕೋತಿ, ಕಲಿಯದ ಕೋತಿ

ಹೆಬ್ಬೂರಿನ ಸುತ್ತಿನ ತೆಂಗಿನ ತೋಟಗಳಲ್ಲಿ ಕೋತಿಗಳೆಂದರೆ ಎಲ್ಲವೂ ಕಳ್ಳರೇ. ಆದರೆ ಹಿಂಡಿನಲ್ಲಿ ಒಂದನ್ನು ನೋಡಿ ಮತ್ತೊಂದು ಕಲಿಯುವುದು ಸಮಾನವಾಗಿಯೆ? ಇದಕ್ಕೆ ಸ್ಪಷ್ಟವಾದ ಉತ್ತರ ದೊರೆತುದು ಜಪಾನಿನ ಕೋಶಿಮಾ ದ್ವೀಪದಲ್ಲಿ. 1953ರಲ್ಲಿ ಅಲ್ಲಿನ ಹೆಣ್ಣುಮರಿಯೊಂದು ಗೆಣಸಿಗೆ ಅಂಟಿದ ಮರಳನ್ನು ನೀರಿನಲ್ಲಿ ತೊಳೆದು ತಿನ್ನತೊಡಗಿತು. ಬೇಗನೆ ಕಲಿತವು ಅದರ ತಾಯಿ ಮತ್ತು ಜೊತೆಯ ಮರಿಗಳು. 1958ರ ವೇಳೆಗೆ ಎರಡರಿಂದ ಏಳು ವರ್ಷದ 19 ಕೋತಿಗಳಲ್ಲಿ 15 ಕಲಿತಿದ್ದುವು. ಬಲಿತ 11ರಲ್ಲಿ ಎರಡು ಮಾತ್ರ, ಅವೂ ಹೆಣ್ಣುಗಳೇ! ಮರಿಗಳ ಒಡನಾಟವಿಲ್ಲದ ಗಂಡುಗಳಿಗೆ ನೋಡುವ ಅವಕಾಶವೇ ಕಡಿಮೆ. (ಮೊಮ್ಮಕ್ಕಳಿಂದ ಕಲಿಯಲೊಲ್ಲದ ಅಜ್ಜಂದಿರು ನಮ್ಮಲ್ಲಿಲ್ಲವೆ?) ನಮ್ಮ ಬಂಡೀಪುರದಲ್ಲಿಯೂ ಕೆಲವು ಕೋತಿಗಳು ಪ್ರವಾಸಿಗರತ್ತ ಕೂಗಿ, ಕೈಚಾಚಿ ತಿನಿಸು ಬೇಡುವುದನ್ನು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ವಿವರಿಸಿದೆ. ತೋಟ ಕಾಯುವವರು ಹಿಂಡನ್ನೆಲ್ಲ ಅಟ್ಟುವ ಮುನ್ನ, ಎಳನೀರಿಗೆ ಮೊದಲು ಕೈಹಾಕುವ ಕೋತಿ ಯಾವುದು, ಅದರ ಬಳಿ ಕುಳಿತು ನೋಡುವ ಮರಿ ಯಾವುದು ಎಂಬುದನ್ನು ಗಮನಿಸಬಹುದು.