ಸವೆದ ಅರ, ಮುರಿದ ಕಮಾನುಪಟ್ಟಿ: ಇವುಗಳಿಂದ ಕೈಸಲಕರಣೆಗಳನ್ನು ಮಾಡುವ ಕ್ರಮ

ಸವೆದ ಅರವನ್ನೂ ಲಾರಿಯ ಮುರಿದ ಕಮಾನುಪಟ್ಟಿಯನ್ನೂ ಗುಜರಿಗೆ ತೂಕದ ಲೆಕ್ಕದಲ್ಲಿ ಮಾರಿ, ಸಂತೆಯಲ್ಲಿ ಮೆತುಕಬ್ಬಿಣದ ಉಳಿಯನ್ನು ಹೆಚ್ಚು ಬೆಲೆಗೆ ಕೊಳ್ಳುವ ಬೇಸಾಯಗಾರರುಂಟು. ಇವರು ಕೊಟ್ಟದ್ದು ಉಕ್ಕು, ತಂದದ್ದು ಬರಿಯ ಕಬ್ಬಿಣ. ಈ ನಷ್ಟವನ್ನು ಊರಿನ ಕುಲುಮೆಯಲ್ಲಿಯೇ ತಪ್ಪಿಸಬಹುದು.

ಉಕ್ಕಿನ ಕೆಲಸ ನಮ್ಮ ನಾಡಿಗೆ ಹೊಸದಲ್ಲ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಎಂಬವರು, ಇಲ್ಲಿಯ ಜನರು ಕಬ್ಬಿಣವನ್ನು ತಂಗಡಿಯ ಕಡ್ಡಿಯೊಡನೆ ಮಣ್ಣಿನ ಮೂಸೆಯಲ್ಲಿಟ್ಟು ಉಕ್ಕು ಮಾಡುತ್ತಿದ್ದುದನ್ನು ಬರೆದಿಟ್ಟಿದ್ದಾರೆ. ಕಡ್ಡಿಯಲ್ಲಿರುವ ಇಂಗಾಲವು ಸೇರಿದುದರಿಂದಲೇ ಕಬ್ಬಿಣ ಉಕ್ಕಾಗುವುದು. ಮೆತುಕಬ್ಬಿಣದಲ್ಲಿ ಇಂಗಾಲವು ಸಾಮಾನ್ಯವಾಗಿ ನೂರಕ್ಕೆ ಕಾಲು ಭಾಗಕ್ಕಿಂತ ಕಡಿಮೆ. ಕಮಾನುಪಟ್ಟಿಯಲ್ಲಿ ಸುಮಾರು 0.6 ಭಾಗ, ಒಳ್ಳೆಯ ಅರದಲ್ಲಿ 1 ಭಾಗ ಅಥವಾ ಅದಕ್ಕೂ ಮೇಲೆ. ಇಂಗಾಲವು ಹೆಚ್ಚಿದಷ್ಟೂ ಬಾಯಿ ಗಟ್ಟಿಯಾಗುವುದು, ಪೆಡಸೂ ಹೆಚ್ಚುವುದು. ಆದುದರಿಂದ ಮಚ್ಚು, ಕುರ್ಚಿಗೆಗಳಿಗೆ ಕಮಾನುಪಟ್ಟಿಯೂ ಮರದ ಉಳಿಗೆ ಅರವೂ ಯೋಗ್ಯವಾದುವು.

ಇಲ್ಲಿ ಬರೆಯುವವನ ತಪ್ಪೊಂದನ್ನು ಮುಚ್ಚಿಡಲಾಗದು. ಒಂದು ಗ್ರಾಮದಲ್ಲಿ ಹೊತ್ತು ಮೀರಿತೆಂದು, ಅರದ ಉಳಿಯನ್ನು ಕೆಂಪಗೆ ಕಾಸಿ ಅದ್ದಿ, ಹದಕ್ಕಿಳಿಸದೆಯೇ ಬಡಗಿಯ ಕೈಗೆ ಕೊಟ್ಟೆನು. ಮೂರನೆಯ ಪೆಟ್ಟಿಗೆ ಬಾಯಿ ಗಾಜಿನಂತೆ ಸಿಡಿದು, ಚೂರು ಅವನ ಹುಬ್ಬನ್ನು ಸೀಳಿತು. ಅರ್ಧ ಅಂಗುಲ ಕೆಳಗೆ ಬಿದ್ದಿದ್ದರೆ ಕಣ್ಣೇ ಹೋಗುತ್ತಿತ್ತು. ದೋಷವು ಉಕ್ಕಿನದಲ್ಲ, ನನ್ನ ಅವಸರದ್ದು. ಆದುದರಿಂದ ಈ ಕ್ರಮವನ್ನು ತಪ್ಪದೆ ಅನುಸರಿಸತಕ್ಕದ್ದು.

1. ಮೆದುಮಾಡುವುದು: ಅರವನ್ನು ಕೆಂಪಗೆ ಕಾಸಿ, ಒಣ ಬೂದಿಯಲ್ಲಿ ಹೂತು, ರಾತ್ರಿಯೆಲ್ಲ ಆರಲು ಬಿಡಬೇಕು.

2. ಆಕಾರ: ಅರದ ಹಲ್ಲುಗಳನ್ನು ಪೂರ್ತಿಯಾಗಿ ಸಾಣೆಗೆ ಹಿಡಿದು ತೆಗೆಯಬೇಕು, ಹಲ್ಲಿನ ಗೀರಿನಿಂದಲೇ ಬಿರುಕು ಹೊರಡುವುದು. ಕಮಾನುಪಟ್ಟಿಯನ್ನು ಕೆಂಪಗಿರುವಾಗ ಮಾತ್ರ ಬಡಿಯಬೇಕು. ಕಿಡಿ ಹಾರುವಷ್ಟು ಕಾಸಿದರೆ ಉಕ್ಕು ಸುಟ್ಟುಹೋಗುವುದು.

3. ಗಡುಸುಮಾಡುವುದು: ನೆರಳಿನಲ್ಲಿ ಬಾಯನ್ನು ಕೆಂಪಗೆ ಕಾಸಬೇಕು. ಅಯಸ್ಕಾಂತವು ಹಿಡಿಯದಂತಾದ ಮೇಲೆ ಇನ್ನೂ ತುಸು ಕಾಸಿ, ಬೆಚ್ಚಗಿನ ಎಣ್ಣೆಯಲ್ಲಿ ಅದ್ದಬೇಕು. ಎಣ್ಣೆ ಹೊತ್ತಿಕೊಳ್ಳಬಹುದು, ಲೋಹದ ಪಾತ್ರೆಯೂ ಮುಚ್ಚಳವೂ ಇರಲಿ, ಹುಲ್ಲಿನ ಮಾಡು ದೂರವಿರಲಿ.

4. ಹದ: ಬಾಯನ್ನು ಉಜ್ಜಿ ಹೊಳಪು ಬರಿಸಿ, ಕಾದ ದಪ್ಪ ಕಬ್ಬಿಣದ ಮೇಲೆ ಹಿಡಿಯ ಕಡೆಯನ್ನಿಟ್ಟರೆ ಬಣ್ಣಗಳು ಬಾಯಿಯತ್ತ ಹರಿಯುವುವು. ಒಣಹುಲ್ಲಿನ ಹಳದಿಯು ಕಂದಿಗೆ ತಿರುಗಿದಾಗ (ಸುಮಾರು 250 ಡಿಗ್ರಿ ಸೆಂಟಿಗ್ರೇಡ್) ಉಳಿಯನ್ನೂ, ನೇರಳೆ ಬಣ್ಣ ಬಂದಾಗ (ಸುಮಾರು 280 ಡಿಗ್ರಿ) ಮಚ್ಚನ್ನೂ ನೀರಿಗದ್ದಿ ತಡೆಯಬೇಕು. ಪೆಟ್ಟು ಬೀಳುವ ತಲೆಯನ್ನು ಗಡುಸುಮಾಡಬಾರದು.

ಗುರುತು ತಿಳಿಯದ ತುಂಡನ್ನು ಹೀಗೆ ಪರೀಕ್ಷಿಸಬಹುದು: ತುದಿಯನ್ನು ಕೆಂಪಗೆ ಕಾಸಿ ನೀರಿಗದ್ದಿ, ಹೊಸ ಅರದಿಂದ ಉಜ್ಜಿರಿ. ಅರ ಜಾರಿದರೆ ಉಕ್ಕು. ಕಚ್ಚಿದರೆ ಅದರಿಂದ ಬಾಯಿಯುಳ್ಳ ಸಲಕರಣೆ ಆಗದು. ಸತುವಿನ ಲೇಪವಿರುವ ಭಾಗಗಳ ಹೊಗೆ ವಿಷಕರ. ಬಾಯಿ ಮುಚ್ಚಿದ ಕೊಳವೆಗಳು ಬೆಂಕಿಯಲ್ಲಿ ಸಿಡಿಯುವುವು. ಇವೆರಡನ್ನೂ ಕುಲುಮೆಗೆ ಹಾಕಬಾರದು.

ಗ್ರಾಮದ ಮುಖಂಡರು ಕುಲುಮೆಯ ಬಳಿ ಪೆಟ್ಟಿಗೆಯೊಂದನ್ನಿರಿಸಿ, ಇಂತಹ ಉಕ್ಕನ್ನು ಅದರಲ್ಲಿ ಶೇಖರಿಸುವುದು ಉತ್ತಮ. ಹೊಸ ಸಲಕರಣೆಯನ್ನು ಮೊದಲು ಕಣ್ಣಿಗೆ ಕನ್ನಡಕ ಹಾಕಿಕೊಂಡು, ಮಕ್ಕಳನ್ನು ದೂರವಿರಿಸಿ, ಬೇಡದ ಕೊರಡಿನ ಮೇಲೆ ಪರೀಕ್ಷಿಸಿರಿ. ಹದದ ಬಣ್ಣವನ್ನು ಕಾಯಲು ಹಿಡಿಯುವುದು ಕೆಲವೇ ನಿಮಿಷ. ಅಷ್ಟಕ್ಕೆ ಅವಸರಪಟ್ಟು ಯಾರ ಕಣ್ಣನ್ನೂ ಅಪಾಯಕ್ಕೊಡ್ಡಬೇಡಿರಿ.