ಒಂದು ಮುರುಕು ಮೋಟಾರಿನ ವಿಚಾರ

ಜಾಮೀನು ನಿಂತವನು ಅರ್ಧ ಸಾಲಗಾರನೆಂಬುದನ್ನು ಬಲ್ಲೆನಾದರೂ, ಹಳೆಯ ಶಿಷ್ಯನೊಬ್ಬನು ಸಹಕಾರ ಸಂಘದ ಸಾಲದ ಅರ್ಜಿಯನ್ನು ಹಿಡಿದು ಬಾಗಿಲಿಗೆ ಬಂದಾಗ ಒಮ್ಮೆಗೇ ಇಲ್ಲವೆನ್ನುವುದು ಅಧ್ಯಾಪಕನಾದವನಿಗೆ ಕಷ್ಟ. ಬಂದವನು ಕೋಲಾರ ಚಿನ್ನದ ಗಣಿಯ ಹುಡುಗ. ನಸುಕಿನಲ್ಲೆದ್ದು ಮಾರಿಕುಪ್ಪಮಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಹೋಗಿ, ಕತ್ತಲಾದ ಮೇಲೆ ಮರಳುವ ಸಾವಿರಾರು ಜನರಲ್ಲಿ ಅವನೂ ಒಬ್ಬ. ಸಾಲ ಬೇಕಾಗಿದ್ದುದು ಮನೆಗಲ್ಲ, ಮದುವೆಗಲ್ಲ. ಬಂಗಾರಪೇಟೆಯ ಗುಜರಿ ಶೆಡ್ಡೊಂದರಲ್ಲಿ ಬಿದ್ದಿದ್ದ ಮುರುಕು ಸ್ಪೋರ್ಟ್ಸ್ ಕಾರಿಗೆ!

“ಐದು ವರ್ಷದಿಂದ ಕಿಟಕಿಯ ಜಾಗಕ್ಕೆ ಕಾದಾಡಿದ್ದೇನೆ, ಸಾರ್. ಎರಡೇ ಸೀಟಿನ ಗಾಡಿಯೊಂದು ನನ್ನದಾಗಿರಲಿ” ಎಂದ. ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಕಾರನ್ನು ನೋಡದೆ ಸಹಿ ಮಾಡುವುದಿಲ್ಲವೆಂದಷ್ಟೇ ಹೇಳಿದೆ. ಮೋಟಾರಿನ ವಿಷಯದಲ್ಲಿ ನನಗಿರುವ ಜ್ಞಾನ ಛಂದಸ್ಸಿನ ವಿಷಯದಲ್ಲಿ ಗುಜರಿಯವನಿಗಿರುವಷ್ಟೇ ಎಂಬುದನ್ನು ಅವನಿಗೆ ತಿಳಿಸಲಿಲ್ಲ.

ಕಾರು ಸ್ಯಾನ್ ಸ್ಟಾರ್ಮ್. ಹೆಸರು ಕೇಳಿದವರು ವಿರಳ. ಸ್ಯಾನ್ ಮೋಟಾರ್ಸ್ ಎಂಬ ದೇಶೀ ಸಂಸ್ಥೆ 1998ರಲ್ಲಿ ಹೊರತಂದ, ಮಾಡು ತೆರೆಯುವ ಪುಟ್ಟ ಬಂಡಿ ಇದು. ಫ್ರಾನ್ಸಿನ ರೆನೋ ಕಂಪೆನಿಯ 1.2 ಲೀಟರಿನ ಎಂಜಿನ್, 60 ಅಶ್ವಶಕ್ತಿ. ಒಳಗೆ ಉಕ್ಕಿನ ಚೌಕಟ್ಟು, ಹೊರಗೆ ಫೈಬರ್ ಗಾಜಿನ ಮೈ. ಫೈಬರಿಗೆ ತುಕ್ಕು ಹಿಡಿಯದು. ಆದರೆ ತನ್ನ ಕೆಳಗಿನ ಉಕ್ಕಿಗೆ ಹಿಡಿದ ತುಕ್ಕನ್ನು ಅದು ಬಹು ಚೆನ್ನಾಗಿ ಮುಚ್ಚಿಡಬಲ್ಲುದು. ತಯಾರಿಕೆ ನಿಂತುಹೋಗಿ ವರ್ಷಗಳಾದುವು.

ನಾವು ಕಂಡ ಕಾರು 2006ರದು. 2019ರಲ್ಲಿ ಲಾರಿಯ ಹಿಂಭಾಗಕ್ಕೆ ಬಡಿದು, ವಿಮಾ ಕಂಪೆನಿಯಿಂದ ‘ಪೂರ್ಣ ನಷ್ಟ’ವೆನಿಸಿಕೊಂಡು, ಎರಡು ಕೈ ದಾಟಿ ಈ ಶೆಡ್ಡಿಗೆ ಬಂದಿತ್ತು. ಪೂರ್ಣ ನಷ್ಟವೆಂದರೆ ಬಂಡಿ ಪುಡಿಪುಡಿಯಾಯಿತೆಂದು ನಾನು ಬಹುಕಾಲ ತಿಳಿದಿದ್ದೆ. ಹಾಗಲ್ಲ. ಪಾಲಿಸಿಯಲ್ಲಿ ಘೋಷಿತವಾದ ಮೌಲ್ಯದ ನೂರಕ್ಕೆ 75 ಭಾಗವನ್ನು ರಿಪೇರಿಯ ಖರ್ಚು ಮೀರಿದರೆ ಸಾಕು, ಲೆಕ್ಕದ ಪುಸ್ತಕದಲ್ಲಿ ಆ ಬಂಡಿ ಸತ್ತಂತೆ. ಐದು ವರ್ಷ ದಾಟಿದ ಬಂಡಿಗೆ ಆ ಮೌಲ್ಯ ಒಡೆಯನೂ ಕಂಪೆನಿಯೂ ಒಪ್ಪಿ ಬರೆದುಕೊಂಡ ಅಂಕಿ. ಹದಿಮೂರು ವರ್ಷದ ಕಾರಿಗೆ ಅದು ಎಷ್ಟಿದ್ದೀತು? ಮುಂಭಾಗ ಒಡೆದರೆ ಸಾಕು, ಮರಣಪತ್ರ ಸಿದ್ಧ. ಆದ್ದರಿಂದ ಪೂರ್ಣ ನಷ್ಟದ ಕಾರುಗಳಲ್ಲಿ ನಿಜವಾಗಿ ಸತ್ತವೂ ಇವೆ, ಸತ್ತವೆಂದು ಬರೆಯಲ್ಪಟ್ಟವೂ ಇವೆ. ಕೊಳ್ಳುವವನ ಕಷ್ಟವೆಲ್ಲ ಇವೆರಡನ್ನು ಬೇರ್ಪಡಿಸುವುದರಲ್ಲಿದೆ.

ಅಮೆರಿಕದ ರಾಜ್ಯಗಳಲ್ಲಿ ಇಂಥ ಬಂಡಿಯ ಒಡೆತನದ ಪತ್ರದ ಮೇಲೆಯೇ ‘ಸ್ಯಾಲ್ವೇಜ್’ ಎಂಬ ಮುದ್ರೆ ಬೀಳುತ್ತದೆ. ರಿಪೇರಿಯಾಗಿ ತಪಾಸಣೆಯಲ್ಲಿ ಗೆದ್ದರೂ ಹಳೆಯ ಕಥೆಯ ಗುರುತು ಅಳಿಯದು. ನಮ್ಮ ನೋಂದಣಿ ಪತ್ರದಲ್ಲಿ ಅಂಥ ಮುದ್ರೆಯಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 55ನೆಯ ಪ್ರಕರಣದಂತೆ, ಬಂಡಿ ನಾಶವಾದರೆ ಅಥವಾ ಶಾಶ್ವತವಾಗಿ ಉಪಯೋಗಕ್ಕೆ ಬಾರದಂತಾದರೆ ಒಡೆಯನು 14 ದಿನಗಳೊಳಗೆ ವರದಿ ಮಾಡಿ ಪತ್ರವನ್ನು ಒಪ್ಪಿಸಬೇಕು. ಒಪ್ಪಿಸದೆ ಉಳಿದರೆ ಬಂಡಿ ಕಾಗದದಲ್ಲಿ ಆರೋಗ್ಯವಾಗಿಯೇ ಇರುತ್ತದೆ. ಹುಡುಗ ತನ್ನ ಫೋನಿನಲ್ಲಿ ಸಾರಿಗೆ ಇಲಾಖೆಯ ಜಾಲತಾಣವನ್ನು ತೆರೆದು ತೋರಿಸಿದ: ನೋಂದಣಿ ರದ್ದಾಗಿಲ್ಲ, ಒಡೆಯನ ಹೆಸರು ಬದಲಾಗಿಲ್ಲ, 15 ವರ್ಷದ ಅವಧಿ ಮಾತ್ರ 2021ಕ್ಕೇ ಮುಗಿದಿದೆ. “ಪೇಪರ್ ಆಮೇಲೆ ಮಾಡಿಕೊಡ್ತೀನಿ” ಎಂದ ಗುಜರಿಯವ. ಕೇಳಿದ ಬೆಲೆ 80,000 ರೂಪಾಯಿ.

ಆ ದಿನ ಹುಡುಗನ ತಂದೆಯೂ ಜೊತೆಗಿದ್ದರು. 2001ರ ಫೆಬ್ರವರಿ 28ರಂದು ಗಣಿಯ ಬಾಗಿಲು ಮುಚ್ಚುವವರೆಗೂ ಅಲ್ಲಿಯ ಸರ್ವೆ ವಿಭಾಗದಲ್ಲಿ ಸಹಾಯಕರಾಗಿದ್ದವರು. ಮಾತು ಕಡಿಮೆ, ಆಡಿದರೆ ತಮಿಳು ಬೆರೆತ ಕನ್ನಡ. ಚೀಲದಿಂದ ಒಂದು ತೂಗುಗುಂಡನ್ನೂ ಸೀಮೆಸುಣ್ಣವನ್ನೂ ತೆಗೆದರು. ಚೌಕಟ್ಟಿನ ಎಡಬಲಗಳಲ್ಲಿ ಒಂದಕ್ಕೊಂದು ಜೋಡಿಯಾದ ನಾಲ್ಕು ಬೋಲ್ಟಿನ ತೂತುಗಳನ್ನು ಹುಡುಕಿ, ಒಂದೊಂದರಿಂದಲೂ ಗುಂಡನ್ನು ಇಳಿಬಿಟ್ಟು, ಅದು ನಿಶ್ಚಲವಾಗುವವರೆಗೆ ಉಸಿರು ಹಿಡಿದಂತೆ ಕಾದು, ಸಿಮೆಂಟಿನ ನೆಲದ ಮೇಲೆ ಗುರುತು ಹಾಕಿದರು. ಕಾರನ್ನು ಆಚೆಗೆ ತಳ್ಳಿ, ಗುರುತಿನಿಂದ ಗುರುತಿಗೆ ಓರೆಯಾಗಿ ಟೇಪು ಹಿಡಿದರು. ಎರಡು ಕರ್ಣಗಳೂ ಸಮವಾಗಿದ್ದರೆ ಚೌಕಟ್ಟು ನೆಟ್ಟಗಿದೆಯೆಂದು ಅರ್ಥ. ಇಲ್ಲಿ 22 ಮಿಲಿಮೀಟರು ವ್ಯತ್ಯಾಸ.

“ಶಾಫ್ಟು ಇಷ್ಟು ವಾಲಿದ್ದರೆ ನಾವು ಕೇಜು ಇಳಿಸುತ್ತಿರಲಿಲ್ಲ” ಎಂದು ಗುಂಡನ್ನು ಒರೆಸಿ ಚೀಲಕ್ಕೆ ಹಾಕಿದರು. ಬಂಡೆ ಸಿಡಿದು ಶಾಫ್ಟುಗಳೇ ಕದಲುತ್ತಿದ್ದ, ಮೂರು ಕಿಲೋಮೀಟರಿಗೂ ಆಳವಾದ ಗಣಿಯವರ ಮಾತು ಅದು.

ಬಾಗಿದ ಚೌಕಟ್ಟನ್ನು ಎಳೆದು ನೆಟ್ಟಗೆ ಮಾಡುವ ಯಂತ್ರಗಳಿವೆ. ಆದರೆ ಎಲ್ಲಿಯವರೆಗೆ ಎಳೆಯಬೇಕೆಂದು ಹೇಳಲು ತಯಾರಕರ ಮೂಲ ಅಳತೆಯ ಪಟ್ಟಿ ಬೇಕು. ಈ ಕಾರಿಗೆ ಅದನ್ನು ಯಾರಲ್ಲಿ ಕೇಳುವುದು? ಒಂದೇ ಒಂದು ಓಲೆಪ್ರತಿ ಉಳಿದ ಕಾವ್ಯವನ್ನು ಸಂಪಾದಿಸುವವನ ಪಾಡೂ ಇದೇ: ಹುಳು ತಿಂದ ಅಕ್ಷರವನ್ನು ಊಹಿಸಬಹುದು, ಊಹೆ ಸರಿಯೇ ಎಂದು ಹೋಲಿಸಿ ನೋಡಲು ಇನ್ನೊಂದು ಪ್ರತಿಯಿಲ್ಲ. ಕಾವ್ಯದಲ್ಲಿ ಊಹೆ ತಪ್ಪಿದರೆ ವಿಮರ್ಶಕರು ಬೈದಾರು. ಹೆದ್ದಾರಿಯಲ್ಲಿ ಗಂಟೆಗೆ ಎಂಬತ್ತು ಕಿಲೋಮೀಟರು ವೇಗದಲ್ಲಿ ತಪ್ಪಿದರೆ ಬೈಯಲು ಆಸಾಮಿಯೇ ಉಳಿಯಲಾರ. ಚಕ್ರ ಒಂದು ಕಡೆಗೆ ಎಳೆಯುತ್ತದೆ, ಟೈರು ಓರೆಯಾಗಿ ಸವೆಯುತ್ತದೆ, ಗಟ್ಟಿಯಾಗಿ ಬ್ರೇಕು ಹಾಕಿದಾಗ ಬಂಡಿ ಎತ್ತ ತಿರುಗೀತೆಂಬುದು ಗೊತ್ತಿಲ್ಲ. ಒಡೆದ ಫೈಬರಿನ ಮಾತು ಬೇರೆ. ಅದನ್ನು ನೀರಿನ ತೊಟ್ಟಿ ಅಚ್ಚು ಹಾಕುವವನೂ ಬೆಸೆದುಕೊಟ್ಟಾನು.

ಮರಳುವಾಗ ಬಂಗಾರಪೇಟೆಯ ಆ ಪ್ರಸಿದ್ಧ ಪಾನಿಪುರಿಯ ಮುಂದೆ ನಿಂತೆವು. (ಬಿಳಿಯ ನೀರಿನಲ್ಲಿ ಅಷ್ಟು ಖಾರ ಹೇಗೆ ಅಡಗಿರುತ್ತದೆಂಬುದು ನನಗಿನ್ನೂ ತಿಳಿದಿಲ್ಲ.) ಹುಡುಗ ಸುಮ್ಮನಿರಲಾರದೆ ತಂದೆಯ ಮೇಲೆ ತಿರುಗಿದ: “ಗಣಿ ಮುಚ್ಚಿದಾಗ, ಖರ್ಚು ಹೆಚ್ಚು ಚಿನ್ನ ಕಡಿಮೆ ಅನ್ನೋ ಲೆಕ್ಕವೇ ತಪ್ಪು ಅಂದವರು ನೀವು. ಈಗ ನೋಡಿ, ಕೆಲಸಕ್ಕೆ ಬಾರದ್ದೆಂದು ಸುರಿದ ಸಯನೈಡ್ ಗುಡ್ಡಕ್ಕೂ ಬೆಲೆ ಬಂದಿದೆ.” ಅವನ ಮಾತು ಸುಳ್ಳಲ್ಲ. 13 ಗುಡ್ಡಗಳ ಮಣ್ಣಿನಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಮಣ್ಣು ಅದೇ, ಬದಲಾದದ್ದು ಚಿನ್ನದ ಧಾರಣೆ.

ತಂದೆ ಬಹಳ ಹೊತ್ತು ಮಾತನಾಡಲಿಲ್ಲ. ಇಪ್ಪತ್ತು ವರ್ಷಕ್ಕೂ ಮಿಕ್ಕಿದ ನೋವನ್ನು ಮಗ ಬೀದಿಯಲ್ಲಿ ಕೆದಕಿದ್ದ. ಕೊನೆಗೆ, “ಆ ಗುಡ್ಡದಲ್ಲಿ ಎಷ್ಟಿದೆ ಅಂತ ಅಳೆದಿದ್ದಾರೆ. ಇವತ್ತು ಇದನ್ನೂ ಅಳೆದೆವಲ್ಲ?” ಎಂದರು.

ನನ್ನ ಅಭಿಪ್ರಾಯವನ್ನು ಅಲ್ಲಿಯೇ ಹೇಳಿದೆ. ಓಡಿಸುವ ಕಾರೆಂದು 80,000ಕ್ಕೆ ಕೊಳ್ಳತಕ್ಕದ್ದಲ್ಲ. ಎಂಜಿನ್, ಚಕ್ರ, ಗಾಜುಗಳಿಗೆ ಬಿಡಿಬಿಡಿಯಾಗಿ ಎಷ್ಟಾಗುವುದೋ ಅಷ್ಟನ್ನು ಕೊಡಬಹುದು; ಅದೂ ನೋಂದಣಿಯ ಒಡೆಯನಿಂದ ಗುಜರಿಯವನವರೆಗಿನ ಪ್ರತಿಯೊಂದು ಕೈಬದಲಿನ ಕಾಗದವೂ ಮೇಜಿನ ಮೇಲೆ ಬಂದ ಮೇಲೆ. ‘ಆಮೇಲೆ’ ಎಂಬ ಮಾತಿಗೆ ನಾನು ಜಾಮೀನು ನಿಲ್ಲಲಾರೆ. ಹುಡುಗನ ಮುಖ ಸಣ್ಣದಾಯಿತು. ನನಗೂ ಹಿತವೆನಿಸಲಿಲ್ಲ, ಆ ತೆರೆದ ಕಾರಿನಲ್ಲಿ ಒಮ್ಮೆ ಕುಳಿತು ಕೋಲಾರದವರೆಗೆ ಹೋಗಿಬರುವ ಚಪಲ ನನ್ನಲ್ಲಿಯೂ ಇದ್ದಿತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಮರುವಾರ ಅವನೊಬ್ಬನೇ ಹೋಗಿ 25,000ಕ್ಕೆ ಕೇಳಿದನಂತೆ. ಗುಜರಿಯವ ನಕ್ಕನಂತೆ. ಸಾಲದ ಅರ್ಜಿ ನನ್ನ ಮೇಜಿನ ಖಾನೆಯಲ್ಲಿಯೇ ಇದೆ. ಹರಿದುಹಾಕಲೇ ಎಂದು ಕೇಳಿದ್ದಕ್ಕೆ, ಇನ್ನೂ ಸ್ವಲ್ಪ ದಿನ ಇರಲಿ ಸಾರ್, ಎಂದಿದ್ದಾನೆ.